ಒಂದು ಬಸವನಹುಳು, ನೂರ ಹದಿಮೂರು ಹೆಸರು

ಒಂದೇ ಊರಿನಲ್ಲಿ ಒಬ್ಬ ವ್ಯಕ್ತಿಯನ್ನು ಮನೆಯಲ್ಲಿ ಪುಟ್ಟಣ್ಣ ಎಂದೂ ಶಾಲೆಯ ದಾಖಲೆಯಲ್ಲಿ ಕೃಷ್ಣಮೂರ್ತಿ ಎಂದೂ ಸ್ನೇಹಿತರ ನಡುವೆ ಕಿಟ್ಟಿ ಎಂದೂ ಕರೆಯುವುದನ್ನು ನೀವು ಕಂಡಿರುತ್ತೀರಿ. ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಜನಗಣತಿಗೆ ಬಂದವರು ಈ ಮೂರು ಹೆಸರುಗಳನ್ನೂ ಬರೆದುಕೊಂಡು ಮೂವರು ಇದ್ದಾರೆಂದು ಲೆಕ್ಕ ಹಾಕಿದರೆ? ಜೀವವಿಜ್ಞಾನದಲ್ಲಿ ಇಂತಹ ಎಡವಟ್ಟು ನಿಜವಾಗಿಯೂ ನಡೆದಿದೆ, ಅದೂ ಸಾವಿರಾರು ಸಲ.

ಕಡಲಜೀವಿಗಳ ಹೆಸರುಗಳನ್ನೆಲ್ಲ ಒಂದೆಡೆ ಕಲೆಹಾಕಿ ಪರಿಶೀಲಿಸುವ ಅಂತರರಾಷ್ಟ್ರೀಯ ಯೋಜನೆಯೊಂದಿದೆ. 'ಕಡಲಜೀವಿ ಪ್ರಭೇದಗಳ ವಿಶ್ವ ದಾಖಲೆ' ಎಂದು ಅದನ್ನು ಕರೆಯಬಹುದು. ಬೆಲ್ಜಿಯಂ ದೇಶದಿಂದ ಅದರ ನಿರ್ವಹಣೆ ನಡೆಯುತ್ತದೆ. 2015ರಲ್ಲಿ ಅದರ ತಜ್ಞರು ಲೆಕ್ಕ ಕೊಟ್ಟಾಗ, ಪುಸ್ತಕಗಳಲ್ಲಿ ಸಿಕ್ಕ ಸುಮಾರು 4 ಲಕ್ಷ 19 ಸಾವಿರ ಪ್ರಭೇದನಾಮಗಳ ಪೈಕಿ ಸುಮಾರು 1 ಲಕ್ಷ 90 ಸಾವಿರ ಹೆಸರುಗಳು ಬರಿಯ ಪುನರಾವರ್ತನೆ ಎಂದು ಗೊತ್ತಾಯಿತು. ಒಂದೇ ಪ್ರಾಣಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ವಿಜ್ಞಾನಿಗಳು ಕೊಟ್ಟ ಹೆಸರುಗಳಿವು. ಈ ಗೊಂದಲದಲ್ಲಿ ಮೊದಲ ಸ್ಥಾನ ಪಡೆದದ್ದು ತಿಮಿಂಗಿಲವಲ್ಲ, ಶಾರ್ಕ್ ಅಲ್ಲ. ಬೆರಳ ತುದಿಯಷ್ಟು ದೊಡ್ಡದಾದ ಒಂದು ಕಡಲ ಬಸವನಹುಳು. ಉತ್ತರ ಅಟ್ಲಾಂಟಿಕ್ ಸಾಗರದ ತಣ್ಣನೆಯ ತೀರಗಳಲ್ಲಿ ವಾಸಿಸುವ ಅದರ ಹೆಸರು ಲಿಟ್ಟೊರಿನ ಸ್ಯಾಕ್ಸಟಿಲಿಸ್. ಅದಕ್ಕೆ ಸಿಕ್ಕಿದ್ದ ಹೆಸರುಗಳು 113!

ಇಷ್ಟು ಹೆಸರು ಕೊಟ್ಟವರೆಲ್ಲ ಅಜಾಗರೂಕರೇ? ಅಲ್ಲ. ಅವರಲ್ಲಿ ಹೆಚ್ಚಿನವರು ಒಳ್ಳೆಯ ವೀಕ್ಷಕರು. ಹಾಗಾದರೆ ತಪ್ಪಿದ್ದೆಲ್ಲಿ? ಈ ಪ್ರಶ್ನೆಯ ಬೆನ್ನು ಹಿಡಿದು ಹೋದರೆ 'ಪ್ರಭೇದ' ಎಂದರೇನು ಎಂಬ ದೊಡ್ಡ ಪ್ರಶ್ನೆಯ ಎದುರಿಗೇ ಹೋಗಿ ನಿಲ್ಲುತ್ತೇವೆ.

ಬಂಡೆಯ ಮೇಲಿನ ಬದುಕು

ಲಿಟ್ಟೊರಿನ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಕಡಲತೀರ ಎಂಬ ಅರ್ಥದ ಪದದಿಂದ ಬಂದಿದೆ. ಸ್ಯಾಕ್ಸಟಿಲಿಸ್ ಎಂದರೆ ಬಂಡೆಗಳ ನಡುವೆ ವಾಸಿಸುವುದು. ಹೆಸರೇ ವಿಳಾಸವನ್ನೂ ಹೇಳುತ್ತದೆ. ಸಮುದ್ರದ ಉಬ್ಬರ ಇಳಿತಗಳ ನಡುವಿನ ಬಂಡೆಗಳು, ಅವುಗಳ ಬಿರುಕುಗಳು ಇದರ ಮನೆ. ಉಬ್ಬರದಲ್ಲಿ ನೀರು ಮುಚ್ಚುತ್ತದೆ, ಇಳಿತದಲ್ಲಿ ಗಾಳಿ ಬಿಸಿಲುಗಳಿಗೆ ಒಡ್ಡಿಕೊಳ್ಳಬೇಕಾಗುತ್ತದೆ. ನೀರಿಲ್ಲದ ಹೊತ್ತಿನಲ್ಲಿ ಈ ಪ್ರಾಣಿ ದೇಹವನ್ನು ಚಿಪ್ಪಿನೊಳಗೆ ಎಳೆದುಕೊಂಡು, ಮುಚ್ಚಳ ಹಾಕಿಕೊಂಡು, ಚಿಪ್ಪಿನ ಅಂಚನ್ನು ಲೋಳೆಯಿಂದ ಬಂಡೆಗೆ ಅಂಟಿಸಿ ಸುಮ್ಮನಿರುತ್ತದೆ. ನೀರು ಬಂದಾಗ ಹೊರಬಂದು, ಅರದಂತೆ ಒರಟಾದ ನಾಲಗೆಯಿಂದ ಬಂಡೆಯ ಮೇಲಿನ ಸೂಕ್ಷ್ಮ ಪಾಚಿಯನ್ನು ಕೆರೆದು ತಿನ್ನುತ್ತದೆ.

ಪೋರ್ಚುಗಲ್, ಸ್ಪೇನ್‌ಗಳ ತೀರದಿಂದ ಉತ್ತರಕ್ಕೆ ಬ್ರಿಟನ್, ನಾರ್ವೆ, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್‌ಗಳವರೆಗೂ, ಸಾಗರದ ಆಚೆ ಉತ್ತರ ಅಮೆರಿಕದ ಪೂರ್ವ ತೀರದಲ್ಲಿಯೂ ಇದು ಹರಡಿದೆ. ಸ್ವಾಲ್‌ಬಾರ್ಡ್‌ನಂತಹ ಧ್ರುವಪ್ರದೇಶದ ದ್ವೀಪಗಳಲ್ಲಿಯೂ ಸಿಗುತ್ತದೆ. ಸಾಮಾನ್ಯವಾಗಿ ಇದರ ಎತ್ತರ ಒಂದು ಸೆಂಟಿಮೀಟರಿನ ಆಸುಪಾಸು.

ವರ್ಗೀಕರಣದ ಏಣಿಯಲ್ಲಿ

ಈಗ ಒಪ್ಪಿರುವ ವರ್ಗೀಕರಣದಲ್ಲಿ ಇದರ ಸ್ಥಾನ ಹೀಗಿದೆ:

ವಂಶ: ಮೊಲಸ್ಕ (ಮೃದ್ವಂಗಿಗಳು)
ವರ್ಗ: ಗ್ಯಾಸ್ಟ್ರೊಪೊಡ (ಉದರಪಾದಿಗಳು)
ಉಪವರ್ಗ: ಸೀನೋಗ್ಯಾಸ್ಟ್ರೊಪೊಡ
ಗಣ: ಲಿಟ್ಟೊರಿನಿಮಾರ್ಫ
ಕುಟುಂಬ: ಲಿಟ್ಟೊರಿನಿಡೆ
ಜಾತಿ: ಲಿಟ್ಟೊರಿನ
ಪ್ರಭೇದ: ಲಿಟ್ಟೊರಿನ ಸ್ಯಾಕ್ಸಟಿಲಿಸ್ (ಒಲಿವಿ, 1792)

ಪದವಿ ತರಗತಿಯಲ್ಲಿ ಪ್ರಾಣಿಶಾಸ್ತ್ರ ಓದಿದ ಅಧ್ಯಾಪಕರು ಇಲ್ಲಿ ಒಂದು ಕ್ಷಣ ನಿಲ್ಲಬಹುದು. ಅವರು ಕಲಿತದ್ದು ಪ್ರೊಸೊಬ್ರಾಂಕಿಯ, ಒಪಿಸ್ತೊಬ್ರಾಂಕಿಯ, ಪಲ್ಮೊನೇಟ ಎಂಬ ಮೂರು ಉಪವರ್ಗಗಳನ್ನು. ಕಿವಿರು ಹೃದಯದ ಮುಂದಿದೆಯೇ, ಹಿಂದಿದೆಯೇ ಅಥವಾ ಕಿವಿರಿನ ಬದಲು ಶ್ವಾಸಕೋಶದಂತಹ ಚೀಲವಿದೆಯೇ ಎಂಬುದರ ಮೇಲೆ ನಿಂತ ವಿಂಗಡಣೆ ಅದು. ಅಂಗರಚನೆಯನ್ನು ಕೂಲಂಕಷವಾಗಿ ಹೋಲಿಸಿದಾಗ, ಆಮೇಲೆ ಡಿಎನ್‌ಎ ಪುರಾವೆ ಸೇರಿದಾಗ, ಪ್ರೊಸೊಬ್ರಾಂಕಿಯ ಎಂಬುದು ಒಂದೇ ಪೂರ್ವಜರ ಸಂತತಿಯೆಲ್ಲವನ್ನೂ ಒಳಗೊಂಡ ಗುಂಪಲ್ಲ ಎಂದು ತಿಳಿಯಿತು. ಉಳಿದೆರಡು ಉಪವರ್ಗಗಳನ್ನು ಈಗ ಹೆಟರೊಬ್ರಾಂಕಿಯ ಎಂಬ ಒಂದೇ ಗುಂಪಿನಲ್ಲಿಡುತ್ತಾರೆ. 2005ರಲ್ಲಿ ಬುಶೆ ಮತ್ತು ರೊಕ್ರ್ವಾ ಅವರು ಪ್ರಕಟಿಸಿದ ವರ್ಗೀಕರಣ, ಅದರ 2017ರ ಪರಿಷ್ಕರಣ ಇವು ಈ ಬದಲಾವಣೆಗೆ ಗಟ್ಟಿ ರೂಪ ಕೊಟ್ಟವು. ನೀವು ಪ್ರಯೋಗಾಲಯದಲ್ಲಿ ನೋಡಿರುವ ಸಿಹಿನೀರಿನ ಪೈಲ, ಪೂಜೆಯ ಶಂಖ, ಚೌಕಾಬಾರದ ಕವಡೆ ಇವೆಲ್ಲ ಸೀನೋಗ್ಯಾಸ್ಟ್ರೊಪೊಡದಲ್ಲಿಯೇ ಬರುತ್ತವೆ. ಕವಡೆಯಂತೂ ಲಿಟ್ಟೊರಿನಿಮಾರ್ಫ ಗಣಕ್ಕೇ ಸೇರಿದ್ದು. ಎಂದರೆ ನಮ್ಮ ಕಥಾನಾಯಕನ ದೂರದ ನೆಂಟ.

ಹತ್ತಿರದ ನೆಂಟರೂ ನಮ್ಮಲ್ಲಿ ಇದ್ದಾರೆ. ಭಾರತದ ಪಶ್ಚಿಮ ಕರಾವಳಿಯ ಬಂಡೆಗಳ ಮೇಲೆ, ಕಾಂಡ್ಲಾ ಕಾಡುಗಳ ಗಿಡಗಳ ಮೇಲೆ ಇದೇ ಕುಟುಂಬದ ಬಸವನಹುಳುಗಳಿವೆ. ಹಳೆಯ ಪುಸ್ತಕಗಳಲ್ಲಿ ಅವುಗಳಿಗೂ ಲಿಟ್ಟೊರಿನ ಎಂದೇ ಹೆಸರು. ಈಗ ಅವನ್ನು ಲಿಟ್ಟೊರೇರಿಯ ಮೊದಲಾದ ಬೇರೆ ಜಾತಿಗಳಲ್ಲಿ ಇಡಲಾಗಿದೆ. ಲಿಟ್ಟೊರಿನ ಎಂಬ ಹೆಸರು ಈಗ ಉತ್ತರ ಪೆಸಿಫಿಕ್ ಮತ್ತು ಉತ್ತರ ಅಟ್ಲಾಂಟಿಕ್‌ಗಳ ತಂಪು ನೀರಿನ ಸುಮಾರು 20 ಪ್ರಭೇದಗಳಿಗೆ ಮಾತ್ರ ಮೀಸಲು. ಶಾಲೆಯ ಸಂಗ್ರಹದಲ್ಲಿ ಹಳೆಯ ಚೀಟಿ ಅಂಟಿಸಿದ ಚಿಪ್ಪು ಇದ್ದರೆ ಇದನ್ನು ನೆನಪಿಡಿ.

ಪಟ್ಟಿಯ ಕೊನೆಯ ಸಾಲಿನಲ್ಲಿ ಒಲಿವಿ ಎಂಬ ಹೆಸರು ಆವರಣದೊಳಗೆ ಇರುವುದನ್ನು ಗಮನಿಸಿದಿರಾ? ಅದು ಅಲಂಕಾರಕ್ಕಲ್ಲ. ಪ್ರಭೇದಕ್ಕೆ ಮೊದಲು ಹೆಸರಿಟ್ಟವರು ಅದನ್ನು ಬೇರೊಂದು ಜಾತಿಯಲ್ಲಿ ಇಟ್ಟಿದ್ದರು, ಅನಂತರ ಅದು ಸ್ಥಳಾಂತರವಾಯಿತು ಎಂಬುದನ್ನು ಆ ಆವರಣ ತಿಳಿಸುತ್ತದೆ. ಇಟಲಿಯ ನಿಸರ್ಗವಿಜ್ಞಾನಿ ಜುಸೆಪ್ಪೆ ಒಲಿವಿ 1792ರಲ್ಲಿ ಇದನ್ನು ಟರ್ಬೊ ಸ್ಯಾಕ್ಸಟಿಲಿಸ್ ಎಂದು ಕರೆದರು. ಟರ್ಬೊ ಎಂಬುದು ಇಂದಿನ ತಿಳಿವಳಿಕೆಯ ಪ್ರಕಾರ ಬೇರೆಯೇ ಉಪವರ್ಗಕ್ಕೆ ಸೇರಿದ ಜಾತಿ. ಆ ಕಾಲದಲ್ಲಿ ಚಿಪ್ಪು ಬುಗುರಿಯಂತೆ ಸುತ್ತಿದ್ದರೆ ಟರ್ಬೊ ಎಂದರೆ ಸಾಕಾಗಿತ್ತು.

ಹೆಸರುಗಳು ಹೆಚ್ಚಿದ್ದು ಹೇಗೆ?

ಒಲಿವಿ ಈ ಪ್ರಾಣಿಯನ್ನು ಕಂಡದ್ದು ವೆನಿಸ್ ನಗರದ ಹಿನ್ನೀರಿನಲ್ಲಿ. ಇಲ್ಲೊಂದು ತಮಾಷೆಯಿದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಈ ಪ್ರಭೇದ ಸಾಮಾನ್ಯವಾಗಿ ಇಲ್ಲವೇ ಇಲ್ಲ. ವೆನಿಸ್ ಮತ್ತು ಅದರ ಸುತ್ತಲಿನ ಆಡ್ರಿಯಾಟಿಕ್ ತೀರದಲ್ಲಿ ಮಾತ್ರ ಮೂಲ ನೆಲೆಯಿಂದ ಬಹುದೂರ ಸರಿದ ಒಂದು ಪುಟ್ಟ ಗುಂಪು ಇದೆ. ಅಟ್ಲಾಂಟಿಕ್ ತೀರದಲ್ಲಿ ಕೋಟಿಗಟ್ಟಲೆ ಇರುವ ಪ್ರಾಣಿಗೆ ಮೊದಲ ಹೆಸರು ಬಂದದ್ದು ಈ ಒಂಟಿ ಗುಂಪಿನಿಂದ!

ಬ್ರಿಟನ್ನಿನಲ್ಲಿದ್ದವರಿಗೆ ಸಹಜವಾಗಿಯೇ ಇದು ತಮ್ಮ ತೀರದ ಪ್ರಾಣಿ ಎಂದು ತೋರಲಿಲ್ಲ. 1797ರಲ್ಲಿ ಮೇಟನ್ ಅಲ್ಲಿನ ಒರಟು ಚಿಪ್ಪಿನದಕ್ಕೆ 'ರೂಡಿಸ್' ಎಂಬ ಹೆಸರು ಕೊಟ್ಟರು. 1803ರಲ್ಲಿ ಮಾಂಟಗು ಕಪ್ಪು ಬಣ್ಣದ, ತೆಳು ಚಿಪ್ಪಿನದಕ್ಕೆ 'ಟೆನೆಬ್ರೋಸ' ಎಂದೂ ಏಣುಗಳಿರುವುದಕ್ಕೆ 'ಜುಗೋಸ' ಎಂದೂ ಹೆಸರಿಟ್ಟರು. ಬಾರ್ನಕಲ್‌ಗಳ ಖಾಲಿ ಗೂಡಿನೊಳಗೆ ಅಡಗುವ, ಕೆಲವೇ ಮಿಲಿಮೀಟರ್ ಗಾತ್ರದ ರೂಪಕ್ಕೆ 1844ರಲ್ಲಿ 'ನೆಗ್ಲೆಕ್ಟ', ಎಂದರೆ ಕಡೆಗಣಿಸಲ್ಪಟ್ಟದ್ದು, ಎಂಬ ಹೆಸರು ಬಂತು. ಹೀಗೆಯೇ ತೀರದಿಂದ ತೀರಕ್ಕೆ ಪಟ್ಟಿ ಬೆಳೆಯಿತು. ಆಗಿನ ಸಂಗ್ರಾಹಕರಿಗೆ ಕೈಗೆ ಸಿಗುತ್ತಿದ್ದುದು ಬರಿಯ ಚಿಪ್ಪು. ಎರಡು ಪೆಟ್ಟಿಗೆಗಳಲ್ಲಿರುವ ಚಿಪ್ಪುಗಳು ಗಾತ್ರ, ಬಣ್ಣ, ಏಣುಗಳಲ್ಲಿ ಬೇರೆಯಾಗಿದ್ದರೆ ಎರಡು ಹೆಸರು ಕೊಡುವುದು ಸಹಜವಾಗಿತ್ತು.

ಹೆಸರುಗಳಲ್ಲಿ ಯಾವುದು ಉಳಿಯಬೇಕು ಎಂಬುದಕ್ಕೆ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯಲ್ಲಿ ನಿಯಮವಿದೆ. ಲಿನೇಯಸ್‌ನ ಗ್ರಂಥದ 1758ರ ಹತ್ತನೆಯ ಆವೃತ್ತಿಯಿಂದ ಈಚೆಗೆ ಕ್ರಮಬದ್ಧವಾಗಿ ಪ್ರಕಟವಾದ ಹೆಸರುಗಳಲ್ಲಿ ಸಾಮಾನ್ಯವಾಗಿ ಹಳೆಯದಕ್ಕೇ ಮನ್ನಣೆ. ಉಳಿದವು ಪರ್ಯಾಯ ನಾಮಗಳಾಗಿ ಹಿಂದೆ ಸರಿಯುತ್ತವೆ. ಆದುದರಿಂದಲೇ ಬ್ರಿಟಿಷ್ ಪುಸ್ತಕಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ 'ರೂಡಿಸ್' ಹೋಗಿ ಒಲಿವಿಯ 'ಸ್ಯಾಕ್ಸಟಿಲಿಸ್' ಉಳಿಯಿತು. ಆದರೆ ಈ ನಿಯಮ ಹೇಳುವುದು ಯಾವ ಹೆಸರು ಎಂಬುದನ್ನು ಮಾತ್ರ. ಎರಡು ರೂಪಗಳು ಒಂದೇ ಪ್ರಭೇದವೇ ಎಂಬುದನ್ನು ಪ್ರಾಣಿಯನ್ನೇ ಕೇಳಬೇಕು.

ಏಡಿಯೂ ಅಲೆಯೂ

ಸ್ವೀಡನ್ನಿನ ಪಶ್ಚಿಮ ತೀರಕ್ಕೆ ಹೋದಿರೆಂದು ಭಾವಿಸಿ. ಒಂದು ಕಡೆ ಕೊಲ್ಲಿಯೊಳಗಿನ ಶಾಂತ ನೀರು, ಉರುಳುಕಲ್ಲುಗಳು. ಅಲ್ಲಿ ಏಡಿಗಳು ಹೇರಳ. ಅಲ್ಲಿನ ಸ್ಯಾಕ್ಸಟಿಲಿಸ್ ದೊಡ್ಡದು, ಅದರ ಚಿಪ್ಪು ದಪ್ಪ, ಬಾಯಿ ಕಿರಿದು. ಮುಟ್ಟಿದರೆ ತಟ್ಟನೆ ಒಳಗೆ ಸರಿದು ಬಹಳ ಹೊತ್ತು ಹೊರಬರುವುದಿಲ್ಲ. ಏಡಿಯ ಕೊಂಡಿಗೆ ಒಡೆಯಲಾರದ ಕೋಟೆ ಅದು.

ಕೆಲವು ಹತ್ತು ಮೀಟರ್ ಆಚೆ, ತೆರೆದ ಸಮುದ್ರಕ್ಕೆ ಮುಖಮಾಡಿದ ನುಣುಪಾದ ಹೆಬ್ಬಂಡೆ. ಅಲ್ಲಿ ಏಡಿಗಳಿಗೆ ನಿಲ್ಲಲು ಜಾಗವಿಲ್ಲ, ಆದರೆ ಅಲೆಗಳ ಹೊಡೆತ ಜೋರು. ಅಲ್ಲಿನ ಸ್ಯಾಕ್ಸಟಿಲಿಸ್ ಗಾತ್ರದಲ್ಲಿ ಅರ್ಧದಷ್ಟು, ಚಿಪ್ಪು ತೆಳು, ಬಾಯಿ ಅಗಲ. ಅಗಲ ಬಾಯಿಯಿಂದ ಅಗಲವಾದ ಪಾದ ಹೊರಬರುತ್ತದೆ. ಬಂಡೆಯನ್ನು ಭದ್ರವಾಗಿ ಹಿಡಿಯಲು ಅದು ಬೇಕು. ಗಾತ್ರ ಚಿಕ್ಕದಾದ್ದರಿಂದ ಬಿರುಕಿನಲ್ಲಿ ಹುದುಗಬಹುದು. ಸ್ವಭಾವದಲ್ಲಿಯೂ ಇದು ಅಂಜುಬುರುಕವಲ್ಲ. ಅಲೆ ಬಂದಾಗ ಪಾದವನ್ನು ಒಳಗೆಳೆದುಕೊಂಡರೆ ಉರುಳಿ ಹೋಗುವುದೇ ಗತಿ!

ಇವೆರಡರ ಚಿಪ್ಪುಗಳನ್ನು ಮೇಜಿನ ಮೇಲೆ ಇಟ್ಟರೆ ನೀವೂ ಎರಡು ಪ್ರಭೇದ ಎಂದೇ ಹೇಳುತ್ತೀರಿ. ಆದರೆ ಬಂಡೆ ಮತ್ತು ಉರುಳುಕಲ್ಲುಗಳು ಸೇರುವ ಜಾಗದಲ್ಲಿ ನಿಂತು ನೋಡಿದರೆ ನಡುವಣ ರೂಪಗಳು ಕಾಣುತ್ತವೆ. ಅಲ್ಲಿ ಎರಡೂ ಬಗೆಗಳು ಕೂಡುತ್ತವೆ, ಅವುಗಳ ಸಂತತಿಯೂ ಸಂತಾನಶಕ್ತಿ ಹೊಂದಿರುತ್ತದೆ. ಸಹಜವಾಗಿ ಪರಸ್ಪರ ಸಂತಾನೋತ್ಪತ್ತಿ ನಡೆಸುವ, ಇತರ ಗುಂಪುಗಳಿಂದ ಸಂತಾನದ ಮಟ್ಟಿಗೆ ಬೇರ್ಪಟ್ಟ ಸಮುದಾಯವೇ ಪ್ರಭೇದ ಎಂದು ಅರ್ನ್ಸ್ಟ್ ಮೇಯರ್ 1942ರಲ್ಲಿ ಕೊಟ್ಟ ವಿವರಣೆಯನ್ನು ನೀವು ಪಾಠ ಮಾಡಿರುತ್ತೀರಿ ಅಥವಾ ಓದಿರುತ್ತೀರಿ. ಅದರ ಪ್ರಕಾರ ಇವು ಎರಡು ಪ್ರಭೇದಗಳಲ್ಲ, ಒಂದೇ ಪ್ರಭೇದದ ಎರಡು 'ಪರಿಸರ ರೂಪ'ಗಳು.

ಸ್ಪೇನ್ ದೇಶದ ಗಲೀಸಿಯ ತೀರದಲ್ಲಿಯೂ ಬ್ರಿಟನ್ನಿನಲ್ಲಿಯೂ ಇಂತಹ ಜೋಡಿಗಳಿವೆ. ಏಡಿಯ ಕಾಟ ಇರುವಲ್ಲಿ ದೊಡ್ಡದು, ಅಲೆಯ ಹೊಡೆತ ಇರುವಲ್ಲಿ ಚಿಕ್ಕದು. ಒಂದೇ ಬಗೆಯ ಒತ್ತಡ ಬೇರೆ ಬೇರೆ ಕಡೆ ಒಂದೇ ಬಗೆಯ ಚಿಪ್ಪನ್ನು ಮತ್ತೆ ಮತ್ತೆ ರೂಪಿಸಿದೆ. ಅಂದಮೇಲೆ ಚಿಪ್ಪು ತೋರಿಸುವುದು ಪ್ರಾಣಿಯ ವಂಶವನ್ನಷ್ಟೇ ಅಲ್ಲ, ಅದು ಬದುಕುವ ಜಾಗದ ಕಷ್ಟಗಳನ್ನೂ ಎಂದಾಯಿತು.

ಹುಟ್ಟಿದಲ್ಲೇ ಬೆಳೆಯುವ ಮರಿಗಳು

ಇಲ್ಲೊಂದು ಸಂದೇಹ ಬರಬೇಕು. ಇದೇ ಬಂಡೆಗಳ ಮೇಲೆ ಇದೇ ಜಾತಿಯ ಇನ್ನೊಂದು ಪ್ರಭೇದವಿದೆ: ಲಿಟ್ಟೊರಿನ ಲಿಟ್ಟೋರಿಯ. ಯುರೋಪಿನಲ್ಲಿ ಬೇಯಿಸಿ ಸೂಜಿಯಿಂದ ಕೆದಕಿ ತಿನ್ನುವ ಬಸವನಹುಳು ಅದು. ಅದರ ಚಿಪ್ಪುಗಳಲ್ಲಿ ಇಷ್ಟೊಂದು ಸ್ಥಳೀಯ ವ್ಯತ್ಯಾಸವಿಲ್ಲ. ಏಕೆ?

ಉತ್ತರ ಅವು ಮರಿಮಾಡುವ ಕ್ರಮದಲ್ಲಿದೆ. ಲಿಟ್ಟೋರಿಯ ತನ್ನ ಮೊಟ್ಟೆಗಳನ್ನು ಸಮುದ್ರದ ನೀರಿಗೆ ಬಿಡುತ್ತದೆ. ಮೊಟ್ಟೆಯೊಡೆದ ಡಿಂಭಗಳು ವಾರಗಟ್ಟಲೆ ಪ್ಲವಕಗಳೊಂದಿಗೆ ತೇಲಿ ಎಲ್ಲೆಲ್ಲೋ ಹೋಗಿ ನೆಲೆಸುತ್ತವೆ. ಇದರಿಂದ ತೀರದುದ್ದಕ್ಕೂ ಜೀನುಗಳು ಬೆರೆಯುತ್ತಲೇ ಇರುತ್ತವೆ. ಸ್ಯಾಕ್ಸಟಿಲಿಸ್ ಹಾಗಲ್ಲ. ಹೆಣ್ಣಿನ ಅಂಡನಾಳದ ಭಾಗವೊಂದು ಮರಿಚೀಲವಾಗಿ ಮಾರ್ಪಟ್ಟಿದೆ. ಭ್ರೂಣಗಳು ಅದರಲ್ಲಿಯೇ ಬೆಳೆದು, ಪುಟ್ಟ ಚಿಪ್ಪಿನ ಸಮೇತ ಬಂಡೆಯ ಮೇಲೆ ತೆವಳಿಕೊಂಡು ಹೊರಬರುತ್ತವೆ. ತೇಲುವ ಹಂತವೇ ಇಲ್ಲ. ಹುಟ್ಟಿದ ಜಾಗದಿಂದ ಕೆಲವೇ ಮೀಟರುಗಳ ಒಳಗೆ ಅವುಗಳ ಬಾಳು ಮುಗಿಯುತ್ತದೆ. ಹೀಗಾಗಿ ಪ್ರತಿ ಬಂಡೆಯ ಗುಂಪೂ ಆ ಬಂಡೆಗೆ ತಕ್ಕಂತೆ ನಿಸರ್ಗದ ಆಯ್ಕೆಗೆ ಒಳಗಾಗಲು ಅವಕಾಶವಿದೆ. ಸಂಗ್ರಾಹಕರು ಊರೂರಿಗೂ ಹೊಸ ಹೆಸರು ಕೊಟ್ಟದ್ದರ ಮೂಲ ಇಲ್ಲಿದೆ.

ಹಾಗಿದ್ದರೆ ತೇಲುವ ಡಿಂಭವಿರುವ ಪ್ರಭೇದವೇ ಹೆಚ್ಚು ದೂರ ಹರಡಿರಬೇಕಲ್ಲವೇ? ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ನಡುಸಾಗರದಲ್ಲಿ ರಾಕಾಲ್ ಎಂಬ ಒಂಟಿ ಬಂಡೆಯಿದೆ. ಅಲ್ಲಿ ಮರಿಹಾಕುವ ಸ್ಯಾಕ್ಸಟಿಲಿಸ್ ಇದೆ, ತೇಲಿ ಹೋಗಬಲ್ಲ ಲಿಟ್ಟೋರಿಯ ಇಲ್ಲ! ಸ್ವೀಡನ್ನಿನ ವಿಜ್ಞಾನಿ ಕೆರ್ಸ್ಟಿನ್ ಯೊಹಾನೆಸ್ಸನ್ 1988ರಲ್ಲಿ ಈ ಒಗಟನ್ನು ಬಿಡಿಸಿದರು. ಎಲ್ಲೋ ಹೋಗಿ ಬಿದ್ದ ಒಂಟಿ ಡಿಂಭಕ್ಕೆ ಸಂಗಾತಿ ಸಿಗುವುದಿಲ್ಲ. ಅದರ ಮರಿಗಳೂ ಮತ್ತೆ ತೇಲಿ ಹೋಗುತ್ತವೆ. ಆದರೆ ಮರಿಚೀಲ ತುಂಬಿದ ಒಂದೇ ಒಂದು ಹೆಣ್ಣು ತೇಲುವ ಕಡಲಕಳೆಯನ್ನೋ ಮತ್ತೇನನ್ನೋ ಹಿಡಿದು ಹೇಗೋ ಅಲ್ಲಿಗೆ ತಲಪಿದರೆ ಸಾಕು, ಮರಿಗಳು ಅಲ್ಲಿಯೇ ಉಳಿದು ಒಂದು ವಸಾಹತು ಶುರುವಾಗುತ್ತದೆ.

ಒಂದೇ ಚಿಪ್ಪಿನೊಳಗೆ ಎರಡು ಪ್ರಭೇದ

ಇಲ್ಲಿಯವರೆಗೆ ಹೇಳಿದ್ದು ಬೇರೆಯಾಗಿ ಕಂಡವು ಒಂದೇ ಆದ ಕತೆ. ಇದರ ವಿರುದ್ಧ ದಿಕ್ಕಿನ ತಪ್ಪೂ ಆಗಿತ್ತು. ಬ್ರಿಟನ್ನಿನ ತೀರದ 'ಸ್ಯಾಕ್ಸಟಿಲಿಸ್'ಗಳನ್ನು ಛೇದಿಸಿ ನೋಡಿದಾಗ ಕೆಲವು ಹೆಣ್ಣುಗಳಲ್ಲಿ ಮರಿಚೀಲವೇ ಇರಲಿಲ್ಲ. ಅದೇ ಜಾಗದಲ್ಲಿ ಲೋಳೆ ಒಸರುವ ಗ್ರಂಥಿಯಿತ್ತು. ಇವು ಮರಿ ಹಾಕದೆ ಬಂಡೆಯ ಬಿರುಕಿನಲ್ಲಿ ಲೋಳೆಮುದ್ದೆಯೊಳಗೆ ಮೊಟ್ಟೆಯಿಡುತ್ತಿದ್ದವು. 1978ರಲ್ಲಿ ಹ್ಯಾನಫರ್ಡ್ ಎಲ್ಲಿಸ್ ಇದಕ್ಕೆ ಲಿಟ್ಟೊರಿನ ಆರ್ಕಾನ ಎಂಬ ಹೆಸರು ಕೊಟ್ಟರು. ಆರ್ಕಾನ ಎಂದರೆ ಗುಟ್ಟಿನದು. ಹೊರಗಿನ ಚಿಪ್ಪನ್ನು ನೋಡಿ ಇವೆರಡನ್ನೂ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಮೊಟ್ಟೆಯಿಡುವ ಇನ್ನೊಂದು ಹತ್ತಿರದ ಪ್ರಭೇದ ಲಿಟ್ಟೊರಿನ ಕಂಪ್ರೆಸ್ಸ.

ಹೀಗೆ ಒಂದೇ ಕಾಲದಲ್ಲಿ ಎರಡು ಪಾಠ ಸಿಕ್ಕವು. ಚಿಪ್ಪು ಬೇರೆಯಾದ ಮಾತ್ರಕ್ಕೆ ಪ್ರಭೇದ ಬೇರೆಯಲ್ಲ, ಚಿಪ್ಪು ಒಂದೇ ಆದ ಮಾತ್ರಕ್ಕೆ ಪ್ರಭೇದ ಒಂದೇ ಅಲ್ಲ. ಡೇವಿಡ್ ರೀಡ್ 1996ರಲ್ಲಿ ಪ್ರಕಟಿಸಿದ ಲಿಟ್ಟೊರಿನ ಕುರಿತ ಬೃಹದ್ಗ್ರಂಥದಲ್ಲಿ ಚಿಪ್ಪು, ಒಳ ಅಂಗಗಳು, ಮರಿಮಾಡುವ ಕ್ರಮ ಇವನ್ನೆಲ್ಲ ಒಟ್ಟಿಗೆ ತೂಗಿ ಪ್ರಭೇದಗಳ ಗಡಿಗಳನ್ನು ಗೊತ್ತುಮಾಡಲಾಯಿತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. 2024ರ ಆರಂಭದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಬಸವನಹುಳುಗಳ ಇಡೀ ಡಿಎನ್‌ಎಯನ್ನು ಓದಿ ವಂಶವೃಕ್ಷ ಬರೆಯಲಾಯಿತು. ಮರಿ ಹಾಕುವವೆಲ್ಲ ಒಂದು ಕೊಂಬೆ, ಮೊಟ್ಟೆಯಿಡುವವೆಲ್ಲ ಇನ್ನೊಂದು ಕೊಂಬೆ ಆಗಬಹುದೆಂದು ನೀವು ಊಹಿಸುತ್ತೀರಿ. ಹಾಗಾಗಲಿಲ್ಲ. ಎರಡೂ ಬಗೆಯವು ಕೊಂಬೆಗಳಲ್ಲಿ ಬೆರೆತುಹೋಗಿದ್ದವು. ಡಿಎನ್‌ಎಯ ಸುಮಾರು 50 ಭಾಗಗಳಲ್ಲಿ ಮಾತ್ರ ಮರಿ ಹಾಕುವವೆಲ್ಲ ಒಂದೇ ಬಗೆಯಾಗಿದ್ದವು. ಮರಿ ಹಾಕುವ ಗುಣ ಒಂದೇ ನೆಗೆತದಲ್ಲಿ ಬರಲಿಲ್ಲ. ಕಳೆದ ಸುಮಾರು ಒಂದು ಲಕ್ಷ ವರ್ಷಗಳಲ್ಲಿ ಹಲವು ಸಣ್ಣ ಬದಲಾವಣೆಗಳು ಒಂದೊಂದಾಗಿ ಕೂಡಿ ಬಂತು ಎಂಬುದು ಸಂಶೋಧಕರ ತೀರ್ಮಾನ. ಮೊಟ್ಟೆಯಿಂದ ಮರಿಯತ್ತ ಸಾಗಿದ ದಾರಿಯನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಅಪರೂಪ. ನಮ್ಮಂತಹ ಸಸ್ತನಿಗಳಲ್ಲಿ ಆ ಬದಲಾವಣೆ ಎಷ್ಟೋ ಕೋಟಿ ವರ್ಷಗಳಷ್ಟು ಹಳೆಯದು.

ಒಂದು ದುರಂತ, ಒಂದು ಪ್ರಯೋಗ

1988ರ ಬೇಸಿಗೆಯ ಆರಂಭದಲ್ಲಿ ಸ್ವೀಡನ್, ನಾರ್ವೆಗಳ ತೀರದಲ್ಲಿ ವಿಷಕಾರಿ ಸೂಕ್ಷ್ಮಪಾಚಿಯೊಂದು ಅಪಾರವಾಗಿ ಹಬ್ಬಿ ಕಡಲಜೀವಿಗಳನ್ನು ಕೊಂದಿತು. ಸ್ವೀಡನ್ನಿನ ಕಾಸ್ಟರ್ ದ್ವೀಪಸಮೂಹದಲ್ಲಿ ಪುಟ್ಟ ಬಂಡೆದ್ವೀಪಗಳ ಮೇಲಿದ್ದ ಸ್ಯಾಕ್ಸಟಿಲಿಸ್‌ಗಳು ಅಳಿದುಹೋದವು. ಅಲ್ಲಿದ್ದದ್ದು ಅಲೆಗೆ ಒಗ್ಗಿದ ಚಿಕ್ಕ ರೂಪ. 1992ರಲ್ಲಿ ಕೆರ್ಸ್ಟಿನ್ ಯೊಹಾನೆಸ್ಸನ್ ಅಂತಹ ಒಂದು ಖಾಲಿ ಬಂಡೆದ್ವೀಪಕ್ಕೆ 700 ಬಸವನಹುಳುಗಳನ್ನು ತಂದು ಬಿಟ್ಟರು. ಆದರೆ ಬೇಕೆಂದೇ ಏಡಿಗೆ ಒಗ್ಗಿದ ದೊಡ್ಡ ರೂಪವನ್ನು ಆರಿಸಿದ್ದರು. ಏಡಿಯಿಲ್ಲದ, ಅಲೆ ಬಡಿಯುವ ಬಂಡೆಯ ಮೇಲೆ ದಪ್ಪ ಚಿಪ್ಪಿನವು ಏನಾಗುತ್ತವೆ?

ಸುಮಾರು 30 ವರ್ಷಗಳ ಕಾಲ ಅವುಗಳ ಸಂತತಿಯನ್ನು ಗಮನಿಸಲಾಯಿತು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಚಿಪ್ಪುಗಳು ಚಿಕ್ಕದಾದವು, ಬಣ್ಣ ಬದಲಾಯಿತು, ಆಕಾರ ಅಲೆಯ ರೂಪದಂತಾಯಿತು. ಕಳೆದುಹೋಗಿದ್ದ ರೂಪ ಮರಳಿ ಬಂದಂತಾಯಿತು. ವಿಜ್ಞಾನಿಗಳು ಮುಂಚಿತವಾಗಿ ಊಹಿಸಿದ್ದ ದಿಕ್ಕಿನಲ್ಲಿಯೇ ಬದಲಾವಣೆ ನಡೆದಿತ್ತು.

ಇಷ್ಟು ಬೇಗ ಇದು ಹೇಗಾಯಿತು? ಹೊಸ ಜೀನುಗಳು ಶೂನ್ಯದಿಂದ ಹುಟ್ಟಲಿಲ್ಲ. ಮೊದಲನೆಯದಾಗಿ, ಚಿಪ್ಪಿನ ಬೆಳವಣಿಗೆ ಸ್ವಲ್ಪಮಟ್ಟಿಗೆ ಪರಿಸರಕ್ಕೆ ತಕ್ಕಂತೆ ಬಾಗುತ್ತದೆ. ಎರಡನೆಯದಾಗಿ, ತಂದುಬಿಟ್ಟ 700ರಲ್ಲಿಯೇ ಅಲೆಗೆ ಅನುಕೂಲವಾದ ಜೀನು ರೂಪಗಳು ಅಲ್ಪ ಪ್ರಮಾಣದಲ್ಲಿ ಅಡಗಿದ್ದವು. ಮೂರನೆಯದಾಗಿ, ಹತ್ತಿರದ ಬಂಡೆಗಳಲ್ಲಿದ್ದ ಅಲೆಯ ರೂಪದಿಂದ ಕೆಲವು ಜೀನುಗಳು ಬಂದು ಸೇರಿದವು. ಈ ಪ್ರಾಣಿಯ ವರ್ಣತಂತುಗಳಲ್ಲಿ ಕೆಲವು ತುಂಡುಗಳು ತಲೆಕೆಳಗಾಗಿ ಜೋಡಣೆಗೊಂಡಿವೆ. ಇವನ್ನು ವಿಲೋಮಗಳು ಎನ್ನುತ್ತಾರೆ. ನೇರ ತುಂಡು ಮತ್ತು ತಲೆಕೆಳಗಾದ ತುಂಡುಗಳ ನಡುವೆ ಜೀನುಗಳ ವಿನಿಮಯ ಸರಿಯಾಗಿ ನಡೆಯುವುದಿಲ್ಲ. ಆದುದರಿಂದ ಅಂತಹ ತುಂಡಿನಲ್ಲಿರುವ ಜೀನುಗಳು ಚೆದುರದೆ ಒಂದು ಗಂಟಿನಂತೆ ಮುಂದಿನ ತಲೆಮಾರಿಗೆ ಹೋಗುತ್ತವೆ. ಅಲೆಗೆ ಬೇಕಾದ ಗಂಟು ಒಮ್ಮೆ ಸಿಕ್ಕಿದರೆ ನಿಸರ್ಗದ ಆಯ್ಕೆ ಅದನ್ನು ಬೇಗನೆ ಹೆಚ್ಚಿಸಬಲ್ಲದು.

ಹೆಸರಿನಿಂದ ಆಗಬೇಕಾದ್ದೇನು?

'ಹೆಸರಿನಲ್ಲೇನಿದೆ, ಬಸವನಹುಳು ಬಸವನಹುಳುವೇ' ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಈ ಬಂಡೆದ್ವೀಪದ ಉದಾಹರಣೆಯನ್ನೇ ಕೊಡಿ. ಅಲೆಯ ರೂಪವನ್ನು ಬೇರೆ ಪ್ರಭೇದ ಎಂದು ನಂಬಿದ್ದರೆ, ಅದು ಅಳಿದಮೇಲೆ ಏಡಿಯ ರೂಪದಿಂದ ಅದನ್ನು ಮರಳಿ ಪಡೆಯಬಹುದೆಂದು ಯಾರೂ ಎಣಿಸುತ್ತಿರಲಿಲ್ಲ. ಇನ್ನೊಂದು ಕಡೆ, ಆರ್ಕಾನವನ್ನು ಸ್ಯಾಕ್ಸಟಿಲಿಸ್ ಎಂದೇ ಬರೆದುಕೊಳ್ಳುತ್ತಿದ್ದರೆ, ಒಂದು ತೀರದಲ್ಲಿ ಅದು ಸಂಪೂರ್ಣ ನಾಶವಾದರೂ ದಾಖಲೆಯಲ್ಲಿ ಏನೂ ಆಗಿಲ್ಲವೆಂದೇ ಇರುತ್ತಿತ್ತು. ಒಂದು ತಪ್ಪು ಇಲ್ಲದ ಪ್ರಭೇದಗಳನ್ನು ಸೃಷ್ಟಿಸುತ್ತದೆ, ಮತ್ತೊಂದು ಇರುವ ಪ್ರಭೇದವನ್ನು ಮರೆಮಾಡುತ್ತದೆ. ಸಂರಕ್ಷಣೆಯ ಕೆಲಸಕ್ಕೆ ಎರಡೂ ಅಪಾಯವೇ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಆ ಬಂಡೆಯ ಮೇಲೆ ಚೇತರಿಕೆ ಸಾಧ್ಯವಾದದ್ದು ಪ್ರಭೇದದೊಳಗೆ ವೈವಿಧ್ಯ ಉಳಿದಿದ್ದರಿಂದ. ಹತ್ತಿರದ ಬಂಡೆಗಳೆಲ್ಲ ಖಾಲಿಯಾಗಿದ್ದರೆ, ತಂದ 700ರಲ್ಲಿ ಎಲ್ಲವೂ ಒಂದೇ ತೆರನಾಗಿದ್ದರೆ ಕತೆ ಬೇರೆಯಾಗುತ್ತಿತ್ತು. ಪ್ರಭೇದಗಳ ಪಟ್ಟಿಯಲ್ಲಿ ಒಂದು ಹೆಸರು ಇದ್ದರೆ ಸಾಲದು. ಆ ಹೆಸರಿನ ಕೆಳಗೆ ಎಷ್ಟು ಬಗೆ ಉಳಿದಿದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಹಳೆಯ ಸಂಗ್ರಾಹಕರು ಕೊಟ್ಟ ನೂರು ಹೆಸರುಗಳು ಪ್ರಭೇದನಾಮಗಳಾಗಿ ಬಿದ್ದುಹೋದವು ನಿಜ. ಆದರೆ ಅವರು ಕಂಡ ವ್ಯತ್ಯಾಸಗಳು ಸುಳ್ಳಾಗಿರಲಿಲ್ಲ. ಜೀವವಿಕಾಸ ನಡೆಯುತ್ತಿರುವುದನ್ನೇ ಅವರು ಕಂಡಿದ್ದರು, ಅದಕ್ಕೆ ಪ್ರಭೇದ ಎಂಬ ಚೀಟಿ ಅಂಟಿಸಿದ್ದರು, ಅಷ್ಟೆ.

ನಿಮ್ಮ ತರಗತಿಯಲ್ಲಿ

ಅಟ್ಲಾಂಟಿಕ್ ತೀರಕ್ಕೆ ಹೋಗದೆಯೇ ಈ ಪಾಠವನ್ನು ಮಾಡಿ ನೋಡಬಹುದು. ಕೆರೆಯಂಗಳದಲ್ಲೋ ಗದ್ದೆಯ ಬದುವಿನಲ್ಲೋ ಬಿದ್ದಿರುವ ಖಾಲಿ ಬಸವನಹುಳು ಚಿಪ್ಪುಗಳನ್ನು ವಿದ್ಯಾರ್ಥಿಗಳಿಂದ ಸಂಗ್ರಹಿಸಿ. ಜೀವಂತ ಹುಳುಗಳನ್ನು ಮುಟ್ಟುವುದು ಬೇಡ. ಎರಡು ಬೇರೆ ಜಾಗಗಳಿಂದ ನೋಟಕ್ಕೆ ಒಂದೇ ಬಗೆಯ 50-50 ಚಿಪ್ಪುಗಳಿದ್ದರೆ ಸಾಕು. ಪ್ರತಿ ಚಿಪ್ಪಿನ ಎತ್ತರವನ್ನೂ ಬಾಯಿಯ ಉದ್ದವನ್ನೂ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆಯಿರಿ. ಬಾಯಿಯ ಉದ್ದವನ್ನು ಎತ್ತರದಿಂದ ಭಾಗಿಸಿ. ಬಂದ ಸಂಖ್ಯೆಗಳನ್ನು ಗುಂಪು ಮಾಡಿ ಆವೃತ್ತಿ ನಕ್ಷೆ ಬರೆಯಿರಿ.

ನಕ್ಷೆಯಲ್ಲಿ ಒಂದು ಗುಡ್ಡ ಬಂತೇ, ಎರಡು ಬಂದವೇ? ಎರಡು ಬಂದರೆ ಎರಡು ಪ್ರಭೇದ ಎಂದು ಕೂಡಲೇ ತೀರ್ಪು ಕೊಡಬೇಡಿ. ಎಳೆಯವು ಬಲಿತವು ಬೆರೆತಿವೆಯೇ? ಗಂಡು ಹೆಣ್ಣುಗಳ ವ್ಯತ್ಯಾಸವಿರಬಹುದೇ? ಒಂದು ಜಾಗದಲ್ಲಿ ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ನೀರಿನಲ್ಲಿ ಹೆಚ್ಚಿದೆಯೇ? ಚಿಪ್ಪು ಒಡೆಯುವ ಏಡಿಯೋ ಹಕ್ಕಿಯೋ ಅಲ್ಲಿದೆಯೇ? ಒಂದೇ ಗುಡ್ಡ ಬಂದರೂ ಒಂದೇ ಪ್ರಭೇದ ಎಂದು ಖಚಿತವಾಗಿ ಹೇಳಲಾದೀತೇ? ಈ ಪ್ರಶ್ನೆಗಳನ್ನು ವಿದ್ಯಾರ್ಥಿಗಳೇ ಕೇಳುವಂತಾದರೆ ಪ್ರಯೋಗ ಯಶಸ್ವಿಯಾದಂತೆಯೇ. ಕೊನೆಯಲ್ಲಿ ಚಿಪ್ಪುಗಳನ್ನು ಡಬ್ಬಿಯಲ್ಲಿಟ್ಟು ಚೀಟಿ ಬರೆಯಿಸಿ. ಹೆಸರು ಖಚಿತವಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಆದರೆ ಸಿಕ್ಕ ಸ್ಥಳ, ದಿನಾಂಕ, ಸುತ್ತಲಿನ ಪರಿಸರ ಇವನ್ನು ತಪ್ಪದೆ ಬರೆಯಿಸಿ. ಹೆಸರನ್ನು ಮುಂದೆ ಯಾರಾದರೂ ತಿದ್ದಬಹುದು. ಎಲ್ಲಿ ಸಿಕ್ಕಿತು ಎಂಬುದನ್ನು ಹೆಕ್ಕಿದವರು ಬರೆಯದಿದ್ದರೆ ಮತ್ತೆ ಯಾರಿಗೂ ಬರೆಯಲಾಗದು.